ಹನಿ ಇಂಧನಕ್ಕೂ ಲೆಕ್ಕ ಕೇಳಿದ ರುಡಾಲ್ಫ್ ಡೀಸೆಲ್

ಕೊಡಿಗೇಹಳ್ಳಿಯ ಮನೆಯೊಂದರ ಮುಂದೆ ನಿಂತ ಏಳು ಆಸನದ ಎಸ್‌ಯುವಿಯನ್ನು ಕಲ್ಪಿಸಿಕೊಳ್ಳಬಹುದು. ಬೆಳಗ್ಗೆ ಮಕ್ಕಳನ್ನು ಶಾಲೆಗೆ ಬಿಟ್ಟು, ಕೊಡಿಗೇಹಳ್ಳಿ ಗೇಟ್ ದಾಟಿ ಬಳ್ಳಾರಿ ರಸ್ತೆಗಿಳಿದು, ಹೆಬ್ಬಾಳದ ಮೇಲ್ಸೇತುವೆಯ ಬಳಿ ವಾಹನಗಳ ಸಾಲಿನಲ್ಲಿ ಉಸಿರು ಬಿಗಿಹಿಡಿದು ನಿಂತು, ಸಂಜೆ ಅದೇ ದಾರಿಯಲ್ಲಿ ಮರಳುವುದು ಅದರ ದಿನಚರಿ. ಕೊಂಡ ಹೊಸದರಲ್ಲಿ ಲೀಟರಿಗೆ ಹದಿನಾಲ್ಕು ಕಿಲೋಮೀಟರ್ ಓಡುತ್ತಿದ್ದ ಗಾಡಿ ಈಗ ಒಂಬತ್ತಕ್ಕೆ ಇಳಿದಿದೆ. ಬಂಕಿನವನು ಅಳತೆಯಲ್ಲಿ ಮೋಸ ಮಾಡಿದ ಎನ್ನುವುದು ಒಬ್ಬರ ತೀರ್ಪು, ಇಂಜೆಕ್ಟರ್ ಕೆಟ್ಟಿದೆ ಎನ್ನುವುದು ಗ್ಯಾರೇಜಿನವರ ತೀರ್ಪು, ಓಡಿಸುವವರ ಕಾಲೇ ಭಾರ ಎನ್ನುವುದು ಮನೆಯವರ ತೀರ್ಪು. ಹಣ ತೆತ್ತು ಕೊಂಡ ಇಂಧನ ಹೋದದ್ದಾದರೂ ಎಲ್ಲಿಗೆ ಎಂಬ ಮೂಲ ಪ್ರಶ್ನೆ ಮಾತ್ರ ಹಾಗೆಯೇ ಉಳಿಯುತ್ತದೆ.

ಈ ಒಂದೇ ಪ್ರಶ್ನೆಯ ಬೆನ್ನು ಹತ್ತಿ ಇಡೀ ಆಯುಷ್ಯವನ್ನು ಸವೆಸಿದ ಮನುಷ್ಯನೊಬ್ಬನಿದ್ದ. ಆತನ ಹೆಸರನ್ನು ನಾಡಿನ ಪ್ರತಿ ಬಂಕಿನಲ್ಲೂ ದಿನಕ್ಕೆ ನೂರಾರು ಸಲ ಉಚ್ಚರಿಸುತ್ತಾರೆ. ಅದು ಹಾಡುಮಾಡಿನಲ್ಲಿ ಹುಟ್ಟಿ ಬೆಳೆದ ಒಬ್ಬ ವ್ಯಕ್ತಿಯ ಹೆಸರು ಎಂಬುದು ಉಚ್ಚರಿಸುವವರಲ್ಲಿ ಹೆಚ್ಚಿನವರಿಗೆ ನೆನಪಿರುವುದಿಲ್ಲ. ಆತನೇ ರುಡಾಲ್ಫ್ ಡೀಸೆಲ್. ಇಂಧನದ ಪ್ರತಿ ಗ್ರಾಮಿಗೂ ಲೆಕ್ಕ ಇಟ್ಟ ಈ ತಂತ್ರಜ್ಞನಿಗೆ ತನ್ನ ಸ್ವಂತ ಹಣದ ಲೆಕ್ಕ ಮಾತ್ರ ಕೊನೆಯವರೆಗೂ ಹೊಂದಲಿಲ್ಲ ಎಂಬುದು ವಿಧಿಯ ವಿಡಂಬನೆ.

ರುಡಾಲ್ಫ್ ಜನಿಸಿದ್ದು 1858ರ ಮಾರ್ಚ್ 18ರಂದು, ಪ್ಯಾರಿಸ್ ನಗರದಲ್ಲಿ. ತಂದೆ ಥಿಯೋಡೋರ್ ಬವೇರಿಯಾದ ಆಗ್ಸ್‌ಬರ್ಗ್‌ನಿಂದ ಹೊಟ್ಟೆಪಾಡಿಗಾಗಿ ವಲಸೆ ಬಂದು ಚರ್ಮದ ಸಾಮಾನು ತಯಾರಿಸುತ್ತಿದ್ದ ಕುಶಲಕರ್ಮಿ. ತಾಯಿ ಎಲೀಸ್ ನ್ಯೂರೆಂಬರ್ಗ್ ಕಡೆಯವಳು. ಮನೆಯೇ ಕಾರ್ಯಾಗಾರ. ಸಿದ್ಧವಾದ ಸರಕನ್ನು ತಳ್ಳುಗಾಡಿಯಲ್ಲಿಟ್ಟು ಗಿರಾಕಿಗಳ ಮನೆ ಬಾಗಿಲಿಗೆ ಮುಟ್ಟಿಸುವುದು ಬಾಲಕನ ಕೆಲಸವಾಗಿತ್ತು. ಬಿಡುವು ಸಿಕ್ಕಾಗಲೆಲ್ಲ ನಗರದ ತಾಂತ್ರಿಕ ಸಂಗ್ರಹಾಲಯಕ್ಕೆ ಓಡುತ್ತಿದ್ದ. ಹದಿನೆಂಟನೆಯ ಶತಮಾನದಲ್ಲಿ ಕುನ್ಯೋ ಕಟ್ಟಿದ ಉಗಿಗಾಡಿ ಅಲ್ಲಿತ್ತು. ಅದರ ಮುಂದೆ ನಿಂತು ಯಂತ್ರಭಾಗಗಳ ಚಿತ್ರ ಬರೆದುಕೊಳ್ಳುವುದೇ ಆತನ ಆಟ.

1870ರಲ್ಲಿ ಫ್ರಾನ್ಸ್ ಮತ್ತು ಪ್ರಷ್ಯಾಗಳ ನಡುವೆ ಯುದ್ಧ ಹೊತ್ತಿಕೊಂಡಿತು. ಪ್ಯಾರಿಸ್ಸಿನಲ್ಲಿದ್ದ ಜರ್ಮನರು ಊರು ಬಿಡಬೇಕಾಯಿತು. ಡೀಸೆಲ್ ಕುಟುಂಬ ಲಂಡನ್ ಸೇರಿತು. ಅಲ್ಲಿ ಗಂಜಿಗೂ ತತ್ವಾರ. ಹನ್ನೆರಡರ ಹುಡುಗನನ್ನು ಆಗ್ಸ್‌ಬರ್ಗ್‌ನಲ್ಲಿ ಗಣಿತ ಅಧ್ಯಾಪಕನಾಗಿದ್ದ ಬಂಧುವಿನ ಮನೆಗೆ ಕಳುಹಿಸಲಾಯಿತು. ಊರು, ಭಾಷೆ, ತಾಯಿ, ತಂದೆ ಎಲ್ಲವೂ ಒಂದೇ ವರ್ಷದಲ್ಲಿ ದೂರವಾದವು. ಓದು ಮಾತ್ರ ಕೈಹಿಡಿಯಿತು. ತಾನು ಎಂಜಿನಿಯರ್ ಆಗುವೆನೆಂದು ಹದಿನಾಲ್ಕರ ವಯಸ್ಸಿನಲ್ಲೇ ತಂದೆತಾಯಿಗೆ ಪತ್ರ ಬರೆದು ತಿಳಿಸಿದ. ವಿದ್ಯಾರ್ಥಿವೇತನದ ಬಲದಿಂದ ಮ್ಯೂನಿಕ್ಕಿನ ತಾಂತ್ರಿಕ ಮಹಾವಿದ್ಯಾಲಯ ಸೇರಿದ.

ಅಲ್ಲಿ ಆತನಿಗೆ ದೊರೆತ ಗುರು ಕಾರ್ಲ್ ಫಾನ್ ಲಿಂಡೆ. ಶೀತಲೀಕರಣ ಯಂತ್ರಗಳ ವಿನ್ಯಾಸದಿಂದ ಜಗತ್ಪ್ರಸಿದ್ಧರಾದವರು. 1878ರಲ್ಲಿ ಒಂದು ದಿನ ಅವರು ಉಗಿಯಂತ್ರದ ಕುರಿತು ಪಾಠ ಮಾಡುತ್ತಿದ್ದರು. ಅಂದಿನ ಅತ್ಯುತ್ತಮ ಉಗಿಯಂತ್ರ ಕೂಡ ಕಲ್ಲಿದ್ದಲಿನಲ್ಲಿರುವ ಶಾಖದ ಶೇ. 6ರಿಂದ 10ರಷ್ಟನ್ನು ಮಾತ್ರ ಕೆಲಸವಾಗಿ ಪರಿವರ್ತಿಸುತ್ತದೆ, ಮಿಕ್ಕದ್ದೆಲ್ಲ ವ್ಯರ್ಥ ಎಂಬ ಸಂಗತಿ ಆ ಪಾಠದಲ್ಲಿ ಬಂತು. ಇಪ್ಪತ್ತರ ತರುಣ ನೋಟ್ ಪುಸ್ತಕದ ಅಂಚಿನಲ್ಲಿ ಆ ಕುರಿತು ಒಂದು ಟಿಪ್ಪಣಿ ಗೀಚಿಕೊಂಡ. ಮುಂದಿನ ಹದಿನೈದು ವರ್ಷ ಆ ಟಿಪ್ಪಣಿ ಆತನನ್ನು ಬಿಡಲಿಲ್ಲ. ನೂರು ರೂಪಾಯಿಯ ಕಲ್ಲಿದ್ದಲು ಸುಟ್ಟು ತೊಂಬತ್ತು ರೂಪಾಯಿಯನ್ನು ಆಕಾಶಕ್ಕೆ ಬಿಡುವ ಯಂತ್ರವನ್ನು ಜಗತ್ತು ಹೇಗೆ ಸಹಿಸಿಕೊಂಡಿದೆ ಎಂಬುದು ಬಡತನದಲ್ಲಿ ಬೆಳೆದ ಹುಡುಗನಿಗೆ ಹೊಳೆಯುವ ಪ್ರಶ್ನೆಯೇ ಸರಿ.

ವಿಷಮಶೀತ ಜ್ವರದಿಂದಾಗಿ ಪರೀಕ್ಷೆ ತಡವಾಯಿತು. 1880ರಲ್ಲಿ ಉತ್ತಮೋತ್ತಮ ಅಂಕಗಳೊಡನೆ ಪದವೀಧರನಾದ. ಲಿಂಡೆಯವರ ಮಂಜುಗಡ್ಡೆ ಯಂತ್ರಗಳ ವ್ಯವಹಾರಕ್ಕಾಗಿ ಮತ್ತೆ ಪ್ಯಾರಿಸ್ ಸೇರಿದ. 1883ರಲ್ಲಿ ಮಾರ್ತಾ ಎಂಬಾಕೆಯನ್ನು ವರಿಸಿದ. ಹಗಲೆಲ್ಲ ಮಂಜುಗಡ್ಡೆಯ ಕೆಲಸ, ರಾತ್ರಿ ಅಮೋನಿಯಾ ಆವಿಯಿಂದ ಓಡುವ ಎಂಜಿನಿನ ಪ್ರಯೋಗ. ವರ್ಷಗಟ್ಟಲೆ ನಡೆದ ಆ ಪ್ರಯೋಗ ಫಲ ಕೊಡಲಿಲ್ಲ. ಆದರೆ ಅದೇ ಪರದಾಟದಲ್ಲಿ ಆತನಿಗೆ ಬೇರೊಂದು ದಾರಿ ಗೋಚರಿಸಿತು.

ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ತುದಿ ಬಿಸಿಯಾಗುವುದನ್ನು ಎಲ್ಲರೂ ಕಂಡಿದ್ದಾರೆ. ಗಾಳಿಯನ್ನು ಒತ್ತಿದರೆ ಅದು ಕಾಯುತ್ತದೆ. ಇನ್ನೂ ಬಲವಾಗಿ ಒತ್ತಿದರೆ ಅದರೊಳಗೆ ಸಿಂಪಡಿಸಿದ ಎಣ್ಣೆ ತಾನಾಗಿ ಹೊತ್ತಿಕೊಳ್ಳುವಷ್ಟು ಕಾಯುತ್ತದೆ. ಕಿಡಿ ಬೇಡ, ದೀಪ ಬೇಡ. ಒತ್ತಡ ಹೆಚ್ಚಿದಷ್ಟೂ ಶಾಖದಿಂದ ಹಿಂಡಿ ತೆಗೆಯಬಹುದಾದ ಕೆಲಸವೂ ಹೆಚ್ಚು. ಈ ತತ್ತ್ವವನ್ನು ಆಧರಿಸಿ ಬರ್ಲಿನ್ನಿನಲ್ಲಿದ್ದಾಗ, 1892ರ ಫೆಬ್ರವರಿಯಲ್ಲಿ, ಆತ ಪೇಟೆಂಟಿಗೆ ಅರ್ಜಿ ಹಾಕಿದ. ಮರುವರ್ಷ 67207 ಎಂಬ ಸಂಖ್ಯೆಯೊಡನೆ ಜರ್ಮನ್ ಪೇಟೆಂಟ್ ಕೈಸೇರಿತು. ಅದೇ ವರ್ಷ ಸಿದ್ಧಾಂತವನ್ನು ವಿವರಿಸುವ ಪುಸ್ತಕವೂ ಹೊರಬಂತು.

ಕಾಗದದ ಮೇಲಿನ ಲೆಕ್ಕ ಅತಿಯಾದ ಆಸೆಯಿಂದ ಕೂಡಿತ್ತು ಎಂಬುದನ್ನು ಹೇಳಲೇಬೇಕು. 250 ವಾಯುಭಾರದ ಒತ್ತಡವನ್ನು ಆತ ಊಹಿಸಿಕೊಂಡಿದ್ದ. ಅಂದಿನ ಎರಕದ ಕಬ್ಬಿಣಕ್ಕೆ ಅದನ್ನು ತಡೆಯುವ ಶಕ್ತಿಯಿರಲಿಲ್ಲ. ತಪ್ಪು ತಿಳಿದೊಡನೆ ಒತ್ತಡವನ್ನು ಬಹಳಷ್ಟು ತಗ್ಗಿಸಿ, ದಹನದ ಕ್ರಮವನ್ನೇ ಬದಲಿಸಿಕೊಂಡ. ಪೇಟೆಂಟಿನಲ್ಲಿ ಬರೆದದ್ದು ಒಂದು, ಕಟ್ಟಿದ್ದು ಇನ್ನೊಂದು ಎಂಬ ಆಕ್ಷೇಪ ವಿರೋಧಿಗಳ ಬಾಯಲ್ಲಿ ಕೊನೆಯವರೆಗೂ ಕೇಳಿಬಂತು. ಅದರಲ್ಲಿ ಹುರುಳಿಲ್ಲದೆಯೂ ಇರಲಿಲ್ಲ.

ಆಗ್ಸ್‌ಬರ್ಗ್‌ನ ಯಂತ್ರ ಕಾರ್ಖಾನೆ ಪ್ರಯೋಗಕ್ಕೆ ಜಾಗ ಕೊಟ್ಟಿತು. ಕ್ರುಪ್ ಸಂಸ್ಥೆ ಹಣದಲ್ಲಿ ಪಾಲುದಾರನಾಯಿತು. 1893ರ ಆಗಸ್ಟ್ 10ರಂದು ಮೊದಲ ಎಂಜಿನ್ನಿಗೆ ಇಂಧನ ಹಾಯಿಸಲಾಯಿತು. ಎಣ್ಣೆ ಹೊತ್ತಿಕೊಂಡಿತು. ಅದರ ರಭಸಕ್ಕೆ ಒತ್ತಡ ಅಳೆಯುವ ಉಪಕರಣ ಸಿಡಿದು ಚೂರಾಯಿತು. ರುಡಾಲ್ಫ್ ಇದನ್ನು ಸೋಲೆಂದು ಬಗೆಯಲಿಲ್ಲ. ಒತ್ತಿದ ಗಾಳಿಯಲ್ಲಿ ಎಣ್ಣೆ ತಾನಾಗಿ ಉರಿಯುತ್ತದೆ ಎಂಬುದು ಸಾಬೀತಾಗಿತ್ತಲ್ಲ! 1894ರ ಫೆಬ್ರವರಿ 17ರಂದು ಎಂಜಿನ್ ಹೊರಗಿನ ನೆರವಿಲ್ಲದೆ ಒಂದೇ ಒಂದು ನಿಮಿಷ ತಿರುಗಿತು. ನಿಮಿಷಕ್ಕೆ 88 ಸುತ್ತು.

ಮುಂದಿನ ಮೂರು ವರ್ಷಗಳ ಕಥೆ ಹೊಗೆಯ ಕಥೆ. ಎಣ್ಣೆ ಸರಿಯಾಗಿ ತುಂತುರಾಗದಿದ್ದರೆ ಅರೆಬೆಂದು ಕಪ್ಪು ಮಸಿಯಾಗಿ ಹೊರಬೀಳುತ್ತಿತ್ತು. ಮಸಿ ಎಂದರೆ ಕೆಲಸ ಮಾಡದೆ ಹೊರನಡೆದ ಇಂಧನ. ಸೂಜಿಯಂಥ ಕವಾಟಗಳನ್ನು ಬದಲಿಸಿ, ಒತ್ತಿದ ಗಾಳಿಯ ಬಲದಿಂದ ಎಣ್ಣೆಯನ್ನು ಊದುವ ವಿಧಾನವನ್ನು ಪಳಗಿಸಿಕೊಂಡು ತಂಡ ಮುನ್ನಡೆಯಿತು. ಪ್ರತಿ ಬದಲಾವಣೆಯ ನಂತರವೂ ಅಳತೆ. ಒಂದು ಸಲಕ್ಕೆ ಒಂದೇ ಬದಲಾವಣೆ, ಅದರ ಫಲ ದಿನಚರಿಯಲ್ಲಿ ದಾಖಲು.

1897ರ ಫೆಬ್ರವರಿ 17. ಮ್ಯೂನಿಕ್ಕಿನ ಪ್ರಾಧ್ಯಾಪಕ ಮೋರಿಟ್ಸ್ ಶ್ರೋಟರ್ ಅಧಿಕೃತ ಪರೀಕ್ಷೆಗೆ ಬಂದರು. ಆಳೆತ್ತರಕ್ಕೂ ಮೀರಿ ನಿಂತ ಒಂಟಿ ಸಿಲಿಂಡರಿನ ಎಂಜಿನ್ನದು. ನಿಮಿಷಕ್ಕೆ 154 ಸುತ್ತಿನಲ್ಲಿ ಸುಮಾರು 18 ಅಶ್ವಶಕ್ತಿ ಕೊಟ್ಟಿತು. ಒಂದು ಅಶ್ವಶಕ್ತಿಯನ್ನು ಒಂದು ಗಂಟೆ ಪಡೆಯಲು ಖರ್ಚಾದ ಸೀಮೆಎಣ್ಣೆ 238 ಗ್ರಾಂ. ಲೆಕ್ಕ ಹಾಕಿದಾಗ ಇಂಧನದ ಶೇ. 26.2ರಷ್ಟು ಶಾಖ ಕೆಲಸವಾಗಿ ಪರಿಣಮಿಸಿತ್ತು. ಉಗಿಯಂತ್ರದ ಎರಡೂವರೆ ಪಟ್ಟಿಗೂ ಮಿಗಿಲು. ಯುರೋಪಿನ ಯಂತ್ರೋದ್ಯಮ ಬೆಚ್ಚಿಬಿದ್ದದ್ದು ಸಹಜ.

ಇಲ್ಲಿ ಕೊಡಿಗೇಹಳ್ಳಿಯ ಎಸ್‌ಯುವಿಯತ್ತ ಒಮ್ಮೆ ಹೊರಳುವುದು ಅಪ್ರಸ್ತುತವಲ್ಲ. ಆಗ್ಸ್‌ಬರ್ಗ್‌ನ ಕಾರ್ಖಾನೆಯಲ್ಲಿ ನಡೆದ ವಿಚಾರಣೆಯ ಕ್ರಮವೇ ಇಂದಿನ ಗಾಡಿಗೂ ಒಪ್ಪುತ್ತದೆ. ಮೊದಲು ಅಳತೆ, ಆಮೇಲೆ ರಿಪೇರಿ. ಟ್ಯಾಂಕ್ ಪೂರ್ತಿ ತುಂಬಿಸಿ ಕಿಲೋಮೀಟರ್ ಬರೆದುಕೊಂಡು, ಎಂದಿನ ದಾರಿಯಲ್ಲೇ ಓಡಿಸಿ, ಅದೇ ಬಂಕಿನಲ್ಲಿ ಮತ್ತೆ ಪೂರ್ತಿ ತುಂಬಿಸಬೇಕು. 432 ಕಿ.ಮೀ. ಓಡಿ 48 ಲೀಟರ್ ಹಿಡಿದರೆ ಲೀಟರಿಗೆ ಒಂಬತ್ತು. ಹೀಗೆ ಮೂರು ಸಲ ಮಾಡಿದರೆ ಸಿಗುವ ಸರಾಸರಿಯಷ್ಟೇ ನಂಬಿಕೆಗೆ ಅರ್ಹ. ಡ್ಯಾಶ್‌ಬೋರ್ಡಿನ ಅಂಕಿ ಸಾಮಾನ್ಯವಾಗಿ ತುಸು ಉದಾರಿ.

ಆನಂತರ ದಾರಿಯ ವಿಚಾರಣೆ. ಎರಡು ಲೀಟರ್ ಸಾಮರ್ಥ್ಯದ ಡೀಸೆಲ್ ಎಂಜಿನ್ ನಿಂತಲ್ಲೇ ಗುರುಗುಟ್ಟಿದರೆ ಗಂಟೆಗೆ ಅರ್ಧದಿಂದ ಒಂದು ಲೀಟರ್ ಇಂಧನ ಕುಡಿಯುತ್ತದೆ, ಏ.ಸಿ. ಹಾಕಿದ್ದರೆ ಇನ್ನೂ ಹೆಚ್ಚು. ಆ ಹೊತ್ತಿನಲ್ಲಿ ಓಡಿದ ದೂರ ಸೊನ್ನೆ. ಹೆಬ್ಬಾಳದಲ್ಲಿ ಬೆಳಗ್ಗೆ ಅರ್ಧ ಗಂಟೆ, ಸಂಜೆ ಅರ್ಧ ಗಂಟೆ ನಿಲ್ಲುವ ಗಾಡಿ ವಾರಕ್ಕೆ ಎಷ್ಟನ್ನು ಅಲ್ಲೇ ಸುಟ್ಟಿತು ಎಂಬುದನ್ನು ಮನೆಯ ಶಾಲಾ ಬಾಲಕನೂ ಲೆಕ್ಕ ಹಾಕಬಲ್ಲ. ಇದು ಗಾಡಿಯ ರೋಗವಲ್ಲ, ಊರಿನ ರೋಗ. ಯಾವ ಗ್ಯಾರೇಜಿನಲ್ಲೂ ಇದಕ್ಕೆ ಮದ್ದಿಲ್ಲ. ಇದನ್ನು ಕಳೆದು ಉಳಿದದ್ದಕ್ಕಷ್ಟೇ ಗಾಡಿಯನ್ನು ದೂರಬೇಕು.

ಆ ಉಳಿದದ್ದರಲ್ಲಿಯೂ ಮೊದಲು ನೋಡತಕ್ಕದ್ದು ಬಿಡಿಗಾಸಿನ ಕೆಲಸಗಳನ್ನು. ಟೈರುಗಳಲ್ಲಿ ಬಾಗಿಲ ಬಳಿಯ ಫಲಕದಲ್ಲಿ ಬರೆದಷ್ಟು ಗಾಳಿ ಇದೆಯೇ? ಹತ್ತು ಕಿಲೋಮೀಟರ್ ಓಡಿಸಿ ನಿಲ್ಲಿಸಿದಾಗ ನಾಲ್ಕರಲ್ಲಿ ಒಂದು ಚಕ್ರ ಮಾತ್ರ ವಿಪರೀತ ಬಿಸಿಯಾಗಿದ್ದರೆ ಅಲ್ಲಿ ಬ್ರೇಕ್ ಹಿಡಿದುಕೊಂಡಿದೆ ಎಂದರ್ಥ. ಮೇಲ್ಛಾವಣಿಯ ಕ್ಯಾರಿಯರ್ ಮತ್ತು ಡಿಕ್ಕಿಯಲ್ಲಿ ತಿಂಗಳುಗಟ್ಟಲೆ ಹೊತ್ತು ತಿರುಗುವ ಭಾರ ಕೂಡ ಇಂಧನ ತಿನ್ನುತ್ತವೆ. ಏರ್ ಫಿಲ್ಟರ್ ಧೂಳಿನಿಂದ ಕಟ್ಟಿದ್ದರೆ ಅಥವಾ ಟರ್ಬೊದಿಂದ ಎಂಜಿನ್ನಿಗೆ ಗಾಳಿ ಒಯ್ಯುವ ಕೊಳವೆ ಬಿರುಕು ಬಿಟ್ಟಿದ್ದರೆ ಗಾಳಿ ಸಾಲದೆ ಕಪ್ಪು ಹೊಗೆ ಬರುತ್ತದೆ. ರುಡಾಲ್ಫ್ ಮೂರು ವರ್ಷ ಹೆಣಗಿದ ಅದೇ ಮಸಿ! ನೀಲಿ ಹೊಗೆಯಾದರೆ ಎಂಜಿನ್ ಆಯಿಲ್ ಉರಿಯುತ್ತಿದೆ. ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ಎಣ್ಣೆ ಸರಿಯಾಗಿ ಉರಿಯುತ್ತಿಲ್ಲ, ಅಥವಾ ತಂಪು ನೀರು ಒಳಸೇರುತ್ತಿದೆ.

ಥರ್ಮೋಸ್ಟಾಟ್ ಎಂಬ ಪುಟ್ಟ ಕವಾಟವನ್ನು ಬಹಳ ಮಂದಿ ಮರೆಯುತ್ತಾರೆ. ಅದು ತೆರೆದೇ ಸಿಕ್ಕಿಬಿದ್ದರೆ ಎಂಜಿನ್ ಎಷ್ಟು ಓಡಿದರೂ ಕಾಯುವುದಿಲ್ಲ. ತಾನಿನ್ನೂ ತಣ್ಣಗಿದ್ದೇನೆಂದು ಭಾವಿಸುವ ಗಣಕ ಹೆಚ್ಚು ಇಂಧನ ಬಿಡುತ್ತಲೇ ಇರುತ್ತದೆ. ಡ್ಯಾಶ್‌ಬೋರ್ಡಿನ ಶಾಖದ ಮುಳ್ಳು ಮಧ್ಯಕ್ಕೆ ಬರುವುದೇ ಇಲ್ಲ ಎನ್ನುವವರು ಮೊದಲು ಇದನ್ನು ಪರೀಕ್ಷಿಸಲಿ. ಒಳಬರುವ ಗಾಳಿಯನ್ನು ಅಳೆಯುವ ಸೆನ್ಸರ್ ಕೊಳೆಯಾದರೂ, ಹೊಗೆಯ ಒಂದಂಶವನ್ನು ಮರಳಿಸುವ ಇಜಿಆರ್ ಕವಾಟ ಮಸಿಯಿಂದ ಕಟ್ಟಿದರೂ ಇಂಥದೇ ತೊಂದರೆ.

2020ರ ಏಪ್ರಿಲ್‌ನಲ್ಲಿ ಬಿಎಸ್-6 ನಿಯಮ ಜಾರಿಯಾದ ಮೇಲೆ ಬಂದ ಡೀಸೆಲ್ ಗಾಡಿಗಳಲ್ಲಿ ಇನ್ನೊಂದು ಹೊಸ ಕಾರಣ ಸೇರಿಕೊಂಡಿದೆ. ಹೊಗೆಯ ಮಸಿಯನ್ನು ಹಿಡಿದಿಡುವ ಡಿಪಿಎಫ್ ಶೋಧಕ ತುಂಬಿದಾಗ, ಗಾಡಿ ತಾನಾಗಿ ಹೆಚ್ಚುವರಿ ಇಂಧನ ಬಿಟ್ಟು ಅದನ್ನು ಸುಟ್ಟುಹಾಕುತ್ತದೆ. ಶಾಲೆ, ತರಕಾರಿ ಅಂಗಡಿ, ಮನೆ ಎಂದು ನಾಲ್ಕು ಕಿಲೋಮೀಟರ್ ಓಡಿ ನಿಲ್ಲುವ ಗಾಡಿಯಲ್ಲಿ ಆ ಸುಡುವಿಕೆ ಪ್ರತಿ ಸಲವೂ ಅರ್ಧಕ್ಕೆ ಕಡಿಯುತ್ತದೆ, ಪ್ರತಿ ಸಲವೂ ಮೊದಲಿನಿಂದ ಆರಂಭ. ಯಲಹಂಕ ದಾಟಿ ದೇವನಹಳ್ಳಿಯ ಕಡೆಗೆ ಸಮವೇಗದಲ್ಲಿ ಅರ್ಧ ಗಂಟೆ ಓಡಿಸಿ ಬಂದರೆ ಎಷ್ಟೋ ಗಾಡಿಗಳು ತಾವೇ ಹಗುರಾಗುತ್ತವೆ.

ಇಷ್ಟೆಲ್ಲ ಸರಿಯಿದ್ದೂ ಮೈಲೇಜ್ ಏರದಿದ್ದರೆ ಆಗ ಇಂಜೆಕ್ಟರ್. ಪ್ರತಿ ಇಂಜೆಕ್ಟರಿನಿಂದ ಹಿಂದಿರುಗುವ ಎಣ್ಣೆಯನ್ನು ಪುಟ್ಟ ಸೀಸೆಗಳಲ್ಲಿ ಹಿಡಿದು ಹೋಲಿಸುವ ಪರೀಕ್ಷೆಯಿದೆ. ನಾಲ್ಕರಲ್ಲಿ ಒಂದು ಸೀಸೆ ಬೇಗ ತುಂಬಿದರೆ ಕಳ್ಳ ಸಿಕ್ಕಂತೆ. ಪರೀಕ್ಷೆ ಮಾಡದೆ ನಾಲ್ಕನ್ನೂ ಬದಲಿಸಿ ಎನ್ನುವ ಸಲಹೆಯನ್ನು ಒಪ್ಪುವ ಅಗತ್ಯವಿಲ್ಲ. ಇಂಧನದ ಕೊಳವೆಗೆ ಅಯಸ್ಕಾಂತ ಕಟ್ಟುವ ಜಾಹೀರಾತುಗಳ ಬಗ್ಗೆ ಮಾತನಾಡದಿರುವುದೇ ಲೇಸು.

ಅಂದಹಾಗೆ, ರುಡಾಲ್ಫ್ ಕಟ್ಟಿದ ಎಂಜಿನ್ ಗಾಡಿಗೆ ಹೊಂದುವಂಥದ್ದಾಗಿರಲಿಲ್ಲ. ಎಣ್ಣೆ ಊದಲು ಅದಕ್ಕೊಂದು ದೊಡ್ಡ ಗಾಳಿಯಂತ್ರ ಬೇಕಿತ್ತು. ಆ ಭಾರ ಇಳಿದದ್ದು ಆತ ತೀರಿಕೊಂಡ ನಂತರ, ಎಣ್ಣೆಯನ್ನೇ ನೇರವಾಗಿ ಒತ್ತುವ ಪಂಪುಗಳು ಬಂದಾಗ. ಬಾಷ್ ಸಂಸ್ಥೆ 1927ರಲ್ಲಿ ಅಂಥ ಪಂಪುಗಳ ಸಗಟು ತಯಾರಿಕೆ ಆರಂಭಿಸಿತು. 1936ರಲ್ಲಿ ಮರ್ಸಿಡಿಸ್ ಕಂಪನಿ ಡೀಸೆಲ್ ಕಾರನ್ನು ಮಾರುಕಟ್ಟೆಗೆ ತಂದಿತು. ಬೆಂಗಳೂರಿಗೂ ಈ ವಿದ್ಯೆಗೂ ಹಳೆಯ ನಂಟು. 1951ರಲ್ಲಿ ಸ್ಥಾಪನೆಯಾಗಿ ಆಡುಗೋಡಿಯಲ್ಲಿ ನೆಲೆನಿಂತ ಮೋಟಾರ್ ಇಂಡಸ್ಟ್ರೀಸ್ ಕಂಪನಿ, ಅಂದರೆ ಜನರ ಬಾಯಲ್ಲಿ ಮೈಕೋ, ದಶಕಗಳ ಕಾಲ ದೇಶದ ಲಾರಿ, ಬಸ್ಸು, ಟ್ರ್ಯಾಕ್ಟರುಗಳಿಗೆ ಇಂಧನ ಪಂಪು ಮತ್ತು ನಳಿಕೆಗಳನ್ನು ಒದಗಿಸಿತು. ನಗರದ ಎಷ್ಟೋ ಮನೆಗಳ ಅನ್ನ ಆ ಪಂಪಿನಿಂದ ಬಂದದ್ದು.

ಮತ್ತೆ 1897ಕ್ಕೆ. ಪರೀಕ್ಷೆಯ ಸುದ್ದಿ ಹರಡುತ್ತಲೇ ಹಣದ ಹೊಳೆ ಹರಿಯಿತು. ಅಮೆರಿಕದ ಬಿಯರ್ ಉದ್ಯಮಿ ಅಡಾಲ್ಫಸ್ ಬುಶ್ ತನ್ನ ದೇಶದ ಹಕ್ಕಿಗಾಗಿ ಹತ್ತು ಲಕ್ಷ ಮಾರ್ಕ್ ತೆತ್ತ. 1898ರಲ್ಲಿ ಹಕ್ಕುಗಳ ನಿರ್ವಹಣೆಗೆಂದೇ ಕಂಪನಿಯೊಂದು ಹುಟ್ಟಿ, 35 ಲಕ್ಷ ಮಾರ್ಕ್ ಮೌಲ್ಯಕ್ಕೆ ಆತನ ಪೇಟೆಂಟುಗಳನ್ನು ಕೊಂಡಿತು. ಅದರಲ್ಲಿ ಬಹುಪಾಲು ನಗದಲ್ಲ, ಷೇರು. ನಲವತ್ತರ ಹರೆಯದಲ್ಲಿ ರುಡಾಲ್ಫ್ ಕೋಟ್ಯಧೀಶನೆಂದು ಲೋಕ ಬಗೆಯಿತು. ಮ್ಯೂನಿಕ್ಕಿನಲ್ಲಿ ಅರಮನೆಯಂಥ ಮನೆ ಎದ್ದಿತು.

ಇತ್ತ ಕಾರ್ಖಾನೆಯಿಂದ ಹೊರಬಿದ್ದ ಮೊದಲ ಎಂಜಿನ್ನುಗಳು ಗಿರಾಕಿಗಳ ಕೈಯಲ್ಲಿ ಪದೇ ಪದೇ ಕೆಟ್ಟವು. ಪ್ರಯೋಗಶಾಲೆಯಲ್ಲಿ ನಿಪುಣರ ನಡುವೆ ಓಡಿದ ಯಂತ್ರ, ಬೆಂಕಿಪೊಟ್ಟಣದ ಕಾರ್ಖಾನೆಯ ಧೂಳಿನಲ್ಲಿ ಮೊಂಡುಬಿದ್ದಿತು. ದೂರು, ದಾವೆ, ತಲೆನೋವು ಮುತ್ತಿಕೊಂಡವು. ಆತನ ನರಮಂಡಲ ಸೋತು ಚಿಕಿತ್ಸಾಲಯ ಸೇರಬೇಕಾಯಿತು. ಎಂಜಿನ್ ನಂತರದ ವರ್ಷಗಳಲ್ಲಿ ಸುಧಾರಿಸಿತು, ಆದರೆ ಆತನ ಹಣ ಸುಧಾರಿಸಲಿಲ್ಲ. ಎಣ್ಣೆ ಬಾವಿಗಳಲ್ಲಿ, ನಿವೇಶನಗಳ ಸಟ್ಟಾ ವ್ಯಾಪಾರದಲ್ಲಿ ತೊಡಗಿಸಿದ್ದು ಕರಗಿತು. 1903ರಲ್ಲಿ ಕಾರ್ಮಿಕರ ಸಹಕಾರವನ್ನು ಕುರಿತು ಬರೆದ ಪುಸ್ತಕವನ್ನು ತನ್ನ ಎಂಜಿನ್ನಿಗಿಂತ ಹಿರಿಯ ಸಾಧನೆಯೆಂದು ಆತ ನಂಬಿದ್ದ. ಕೊಂಡು ಓದಿದವರು ಬೆರಳೆಣಿಕೆಯಷ್ಟು.

1900ರ ಪ್ಯಾರಿಸ್ ಮಹಾಪ್ರದರ್ಶನದ ಒಂದು ಪ್ರಸಂಗ ಕನ್ನಡಿಗರಿಗೆ ವಿಶೇಷ ಆಸಕ್ತಿಯದು. ಅಲ್ಲಿ ಪುಟ್ಟ ಡೀಸೆಲ್ ಎಂಜಿನ್ನೊಂದನ್ನು ಕಡಲೆಕಾಯಿ ಎಣ್ಣೆಯಿಂದ ಓಡಿಸಲಾಯಿತು. ನೋಡಿದವರಲ್ಲಿ ಹೆಚ್ಚಿನವರಿಗೆ ಅದು ತಿಳಿಯಲೇ ಇಲ್ಲ. ತಮ್ಮ ಆಫ್ರಿಕಾ ವಸಾಹತುಗಳಲ್ಲಿ ಬೆಳೆಯುವ ಎಣ್ಣೆಯನ್ನು ಬಳಸಬಹುದೇ ಎಂಬ ಫ್ರೆಂಚ್ ಸರ್ಕಾರದ ಕುತೂಹಲ ಅದರ ಹಿಂದಿತ್ತು. ಮುಂದೆ ರುಡಾಲ್ಫ್ ಕೂಡ ಸಸ್ಯತೈಲಕ್ಕೆ ಒಳ್ಳೆಯ ದಿನ ಬರಲಿದೆ ಎಂದು ಸಾರಿದ. ಸುಮಾರು ಒಂದು ಶತಮಾನದ ನಂತರ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ತಂತ್ರಜ್ಞರು ಹಳ್ಳಿಯ ಜನರೇಟರುಗಳನ್ನು ಹೊಂಗೆ ಎಣ್ಣೆಯಿಂದ ನಡೆಸಿದರು. ಕೊಡಿಗೇಹಳ್ಳಿಯ ಮಗ್ಗುಲಲ್ಲೇ ಇರುವ ಜಿಕೆವಿಕೆಯ ಕೃಷಿ ವಿಶ್ವವಿದ್ಯಾಲಯ ಹಾಸನದ ಮಡೆನೂರಿನಲ್ಲಿ ಜೈವಿಕ ಇಂಧನ ಉದ್ಯಾನವನ್ನು ಬೆಳೆಸಿತು. ಆದರೆ ಖರ್ಚು ಉಳಿಸುವ ಹುಮ್ಮಸ್ಸಿನಲ್ಲಿ ಹಸಿ ಹೊಂಗೆ ಎಣ್ಣೆಯನ್ನು ಇಂದಿನ ಎಸ್‌ಯುವಿಯ ಟ್ಯಾಂಕಿಗೆ ಸುರಿಯುವಂತಿಲ್ಲ. ಕೂದಲೆಳೆಯಷ್ಟು ಸಣ್ಣ ರಂಧ್ರಗಳ ಇಂಜೆಕ್ಟರುಗಳು ಆ ಜಿಗುಟನ್ನು ತಾಳಲಾರವು.

1912ರಲ್ಲಿ ಸೆಲಾಂಡಿಯಾ ಎಂಬ ಹಡಗು ಡೀಸೆಲ್ ಎಂಜಿನ್ನಿನ ಬಲದಿಂದಲೇ ಕೋಪನ್‌ಹೇಗನ್ನಿನಿಂದ ಬ್ಯಾಂಕಾಕಿಗೆ ಸಾಗಿತು. ಅದೇ ವರ್ಷ ಅಮೆರಿಕದಲ್ಲಿ ರುಡಾಲ್ಫ್‌ಗೆ ಭವ್ಯ ಸ್ವಾಗತ. ಹೊರಗೆ ಕೀರ್ತಿ ಶಿಖರದಲ್ಲಿತ್ತು, ಒಳಗೆ ಸಾಲ ಕುತ್ತಿಗೆಗೆ ಬಂದಿತ್ತು. ಮನೆಯವರಿಗೂ ಪೂರ್ಣ ಸಂಗತಿ ತಿಳಿದಿರಲಿಲ್ಲ.

1913ರ ಸೆಪ್ಟೆಂಬರ್ 29ರ ಸಂಜೆ ಆಂಟ್‌ವರ್ಪ್ ಬಂದರಿನಲ್ಲಿ ಆತ ಡ್ರೆಸ್ಡೆನ್ ಎಂಬ ಹಡಗು ಹತ್ತಿದ. ಇಂಗ್ಲೆಂಡಿನ ಕಾರ್ಖಾನೆಯೊಂದರ ಸಮಾರಂಭಕ್ಕೆ ಪಯಣ. ಸಂಗಡ ಇಬ್ಬರು ಸಹೋದ್ಯೋಗಿಗಳು. ಊಟ ಮುಗಿಸಿ, ಹರಟೆ ಹೊಡೆದು, ಬೆಳಗ್ಗೆ ಆರೂಕಾಲಿಗೆ ಎಬ್ಬಿಸಬೇಕೆಂದು ಹೇಳಿ ರಾತ್ರಿ ಹತ್ತರ ಸುಮಾರಿಗೆ ಕೋಣೆಗೆ ತೆರಳಿದ. ಬೆಳಗ್ಗೆ ನೋಡಿದಾಗ ಹಾಸಿಗೆ ಮುಟ್ಟಿದಂತಿರಲಿಲ್ಲ. ಡೆಕ್ಕಿನ ಕಟಕಟೆಯ ಬಳಿ ಆತನ ಹ್ಯಾಟು ಮತ್ತು ಮಡಿಸಿಟ್ಟ ಮೇಲಂಗಿ ದೊರೆತವು. ದಿನಚರಿಯಲ್ಲಿ ಆ ದಿನಾಂಕದ ಎದುರು ಒಂದು ಶಿಲುಬೆಯ ಗುರುತು ಮಾತ್ರ ಇತ್ತು.

ಸಾಲದ ಭಾರಕ್ಕೆ ಆತ್ಮಹತ್ಯೆ ಎನ್ನುವುದು ಬಹುಮಂದಿಯ ಅಭಿಪ್ರಾಯ. ಯುದ್ಧದ ಕಾರ್ಮೋಡ ಕವಿಯುತ್ತಿದ್ದ ಕಾಲವಾದ್ದರಿಂದ ಕೊಲೆಯ ಗುಮಾನಿಯೂ ಹಬ್ಬಿತು. ಅದಕ್ಕೆ ಗಟ್ಟಿ ಆಧಾರ ಸಿಗಲಿಲ್ಲ. ಹೊರಡುವ ಮುನ್ನ ಆತ ಹೆಂಡತಿಗೆ ಒಂದು ಚೀಲ ಕೊಟ್ಟು, ಒಂದು ವಾರ ಕಳೆದ ಮೇಲೆ ತೆರೆಯುವಂತೆ ತಿಳಿಸಿದ್ದ. ಮಾರ್ತಾ ತೆರೆದಾಗ ಅದರಲ್ಲಿ ಇಪ್ಪತ್ತು ಸಾವಿರ ಮಾರ್ಕ್ ನಗದು ಮತ್ತು ಬರಿದಾದ ಬ್ಯಾಂಕ್ ಖಾತೆಗಳ ಕಾಗದಪತ್ರಗಳಿದ್ದವು.

ಅಕ್ಟೋಬರ್ 10ರಂದು ಡಚ್ ದೋಣಿಯೊಂದರ ನಾವಿಕರಿಗೆ ಉತ್ತರ ಸಮುದ್ರದಲ್ಲಿ ತೇಲುತ್ತಿದ್ದ ಶವ ಕಂಡಿತು. ಗುರುತು ಸಿಗದಷ್ಟು ಕೊಳೆತಿತ್ತು. ಜೇಬಿನಲ್ಲಿದ್ದ ಗುಳಿಗೆಯ ಡಬ್ಬಿ, ಹಣದ ಚೀಲ, ಚಾಕು, ಕನ್ನಡಕದ ಪೆಟ್ಟಿಗೆಗಳನ್ನು ತೆಗೆದುಕೊಂಡು ಅವರು ದೇಹವನ್ನು ಮತ್ತೆ ನೀರಿಗೆ ಬಿಟ್ಟರು. ಮೂರು ದಿನಗಳ ಬಳಿಕ ಕಿರಿಯ ಮಗ ಯೂಜೀನ್ ಆ ಸಾಮಾನುಗಳನ್ನು ಒಂದೊಂದಾಗಿ ಕೈಗೆತ್ತಿಕೊಂಡು ನೋಡಿ, ಅವು ತನ್ನ ತಂದೆಯವೇ ಎಂದು ಗುರುತಿಸಿದ.